ಡಿಡಿ ಕಡ್ಡಾಯ, ಆದರೆ ಮ್ಯಾಚ್ ಮಾತ್ರ ಇಲ್ಲ

ಎರಡು ಪ್ರಶ್ನೆಗಳು ಆಗಾಗ ಕಿವಿಗೆ ಬೀಳುತ್ತವೆ. ನಾವು ಕೇಳದಿದ್ದರೂ ಇಷ್ಟೊಂದು ದೂರದರ್ಶನ ಚಾನೆಲ್‌ಗಳು ನಮ್ಮ ಸೆಟ್ ಟಾಪ್ ಬಾಕ್ಸ್‌ನಲ್ಲಿ ಯಾಕಿವೆ? ಹಾಗಿದ್ದರೆ, ಡಿಡಿಯಲ್ಲಿ ಮ್ಯಾಚ್ ಇದೆ ಅಂತ ಊರೆಲ್ಲ ಹೇಳುವಾಗ ನಮ್ಮ ಡಿಶ್‌ನಲ್ಲಿ ಅದೇ ಡಿಡಿ ಹಾಕಿದರೆ ಮ್ಯಾಚ್ ಯಾಕೆ ಬರಲ್ಲ? ಎರಡಕ್ಕೂ ಬೇರು ಒಂದೇ ನಿಯಮದಲ್ಲಿದೆ. ಆ ನಿಯಮಕ್ಕೆ ಈಗ ಮೂವತ್ತು ವರ್ಷ ದಾಟಿದೆ.

1975ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ನಡೆಯಿತು, ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. ಆಮೇಲೆ ಕಲಬುರಗಿಗೆ, ಬೆಂಗಳೂರಿಗೆ ದೂರದರ್ಶನ ಬಂತು, 1991ರ ಕೊಲ್ಲಿ ಯುದ್ಧದ ಹೊತ್ತಿಗೆ ವಿದೇಶಿ ಚಾನೆಲ್‌ಗಳೂ ಬಂದವು. ಬೀದಿಗೊಬ್ಬ ಕೇಬಲ್‌ನವನು ಹುಟ್ಟಿಕೊಂಡ. ತೊಡಕು ಶುರುವಾಗಿದ್ದು ಇಲ್ಲಿಂದ. ಆಗಿನ ಟಿವಿಗಳಿಗೆ ಸಾಮಾನ್ಯವಾಗಿ ಆಂಟೆನಾ ಚುಚ್ಚಲು ಇದ್ದದ್ದು ಒಂದೇ ತೂತು. ಕೇಬಲ್ ಹಾಕಿಸಿಕೊಂಡರೆ ಮಾಳಿಗೆ ಮೇಲಿನ ಆಂಟೆನಾದ ವೈರು ಕಿತ್ತು ಹಾಕಬೇಕು. ಕೇಬಲ್‌ನವನು ಡಿಡಿ ಕೊಡದಿದ್ದರೆ ಆ ಮನೆಯಲ್ಲಿ ಡಿಡಿ ಇಲ್ಲವೇ ಇಲ್ಲ.

ಅದಕ್ಕೇ 1995ರ ಕೇಬಲ್ ಟೆಲಿವಿಷನ್ ಜಾಲಗಳ ಕಾಯ್ದೆಗೆ 8ನೇ ಸೆಕ್ಷನ್ ಸೇರಿತು. ಪ್ರತಿ ಕೇಬಲ್ ಆಪರೇಟರ್ ಕನಿಷ್ಠ ಎರಡು ದೂರದರ್ಶನ ಚಾನೆಲ್ ಕೊಡಬೇಕು, ಕತ್ತರಿ ಹಾಕದೆ ಕೊಡಬೇಕು. ಆದರೆ ಯಾವ ಎರಡು ಅನ್ನುವುದು ಆಪರೇಟರ್ ಇಷ್ಟ. ಎಲ್ಲಿ ಇಡಬೇಕು ಅಂತಲೂ ಹೇಳಿರಲಿಲ್ಲ.

ಎಲ್ಲಿ ಇಡಬೇಕು ಅನ್ನುವುದು ಆಗ ಸಣ್ಣ ವಿಷಯವಲ್ಲ. ಅನಲಾಗ್ ಕೇಬಲ್‌ನಲ್ಲಿ ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ ಚಿತ್ರ ಚೆನ್ನಾಗಿ ಬರುತ್ತಿತ್ತು. ಮೇಲಕ್ಕೆ ಹೋದಷ್ಟೂ ಉದ್ದದ ವೈರಿನಲ್ಲಿ ಸಿಗ್ನಲ್ ಸೋರಿಹೋಗಿ ಪರದೆ ಮೇಲೆ ಚುಕ್ಕಿ ಮಳೆ. ಹಳೆಯ ಟಿವಿಗಳಲ್ಲಿ ಹತ್ತು ಹನ್ನೆರಡು ಚಾನೆಲ್ ಮೇಲೆ ಟ್ಯೂನ್ ಮಾಡಲಿಕ್ಕೂ ಆಗುತ್ತಿರಲಿಲ್ಲ. ಆ ಕೆಳಗಿನ ಜಾಗಕ್ಕೆ ಪ್ರೈಮ್ ಬ್ಯಾಂಡ್ ಅಂತ ಹೆಸರು. ಅಲ್ಲಿ ಕೂರಲು ಖಾಸಗಿ ಚಾನೆಲ್‌ಗಳು ಕೇಬಲ್‌ನವರಿಗೆ ದುಡ್ಡು ಕೊಡುತ್ತಿದ್ದವು. ದುಡ್ಡು ಕೊಡದ ಡಿಡಿಗೆ ಯಾವ ಜಾಗ ಸಿಗುತ್ತದೆ, ನೀವೇ ಹೇಳಿ.

2000ದಲ್ಲಿ ತಿದ್ದುಪಡಿ ಬಂತು. ಎರಡು ದೂರದರ್ಶನ ಚಾನೆಲ್ ಜೊತೆಗೆ ಒಂದು ರಾಜ್ಯದ ಪ್ರಾದೇಶಿಕ ಭಾಷೆಯ ಚಾನೆಲ್, ಮೂರೂ ಪ್ರೈಮ್ ಬ್ಯಾಂಡ್‌ನಲ್ಲೇ ಇರಬೇಕು ಅಂತಾಯಿತು. ನಮ್ಮ ಕಡೆ ಆ ಮೂರನೆಯದು ಚಂದನ. ಆದರೆ ಕಾನೂನು ನೋಡಿದ್ದು ರಾಜ್ಯವನ್ನು, ಮನೆಮಾತನ್ನಲ್ಲ. ಹೊಸೂರಿನಲ್ಲಿ, ಕಾಸರಗೋಡಿನಲ್ಲಿ, ಅಕ್ಕಲಕೋಟೆಯಲ್ಲಿ ಕನ್ನಡ ಮಾತಾಡುವ ಮನೆಗೆ ಚಂದನ ಕೊಡಲೇಬೇಕು ಅಂತ ಆ ಸಾಲು ಹೇಳಲಿಲ್ಲ. ಹೇಳಬೇಕು ಅಂತ ಯಾರಿಗೂ ಹೊಳೆದಂತೆಯೂ ಕಾಣುವುದಿಲ್ಲ.

ಇಷ್ಟರಲ್ಲಿ ಡಿಶ್ ಬಂತು. ಬಂತು ಅನ್ನುವುದಕ್ಕಿಂತ ಒಳಗೆ ಬಿಟ್ಟರು ಅನ್ನಬೇಕು, ಯಾಕೆಂದರೆ ಡಿಟಿಎಚ್ ಅನ್ನು, ಅಂದರೆ ಉಪಗ್ರಹದಿಂದ ನೇರ ಮನೆಯ ಡಿಶ್‌ಗೆ ಬರುವ ಟಿವಿಯನ್ನು, 1997ರಲ್ಲಿ ಸರ್ಕಾರವೇ ನಿಷೇಧಿಸಿತ್ತು. 2000ದ ಕೊನೆಗೆ ಮನಸ್ಸು ಬದಲಾಯಿತು, 2001ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಟಿತು, 2003ರಲ್ಲಿ ಡಿಶ್ ಟಿವಿ ಶುರುವಾಯಿತು. ಕೇಬಲ್ ಕಾಯ್ದೆಯ 8ನೇ ಸೆಕ್ಷನ್ ಕೇಬಲ್‌ನವರಿಗೆ ಬರೆದದ್ದು. ಡಿಶ್ ಕಂಪನಿಗಳನ್ನು ಸರ್ಕಾರ ಕಟ್ಟಿಹಾಕಿದ್ದು ಲೈಸೆನ್ಸ್ ಷರತ್ತುಗಳ ಮೂಲಕ.

ಉಪಗ್ರಹದ ವಿಷಯದಲ್ಲಿ ಒಂದು ತಾಂತ್ರಿಕ ಪೇಚಿದೆ. ಕೇಬಲ್‌ನವನು ಮಂಡ್ಯದಲ್ಲಿ ಚಂದನ, ಮಧುರೈಯಲ್ಲಿ ತಮಿಳು ಚಾನೆಲ್ ಕೊಟ್ಟರೆ ಮುಗಿಯಿತು. ಉಪಗ್ರಹ ಹಾಗಲ್ಲ. ನಮ್ಮ ಡಿಶ್ ಕಂಪನಿಗಳ ಸಿಗ್ನಲ್ ಇಡೀ ದೇಶದ ಮೇಲೆ ಒಟ್ಟಿಗೆ ಬೀಳುತ್ತದೆ. ಚಂದನವನ್ನು ಮಂಡ್ಯಕ್ಕೆ ಕೊಡಬೇಕೆಂದರೆ ಮಣಿಪುರಕ್ಕೂ ಕಳಿಸಬೇಕು. ಹೀಗೆ ಪ್ರತಿ ರಾಜ್ಯದ ಡಿಡಿಗೂ ಟ್ರಾನ್ಸ್‌ಪಾಂಡರ್‌ನಲ್ಲಿ (ಉಪಗ್ರಹದಲ್ಲಿ ಸಿಗ್ನಲ್ ಹಿಡಿದು ಕೆಳಕ್ಕೆ ಕಳಿಸುವ ಸಾಧನ) ದೇಶಮಟ್ಟದ ಜಾಗ ಹೋಗುತ್ತದೆ, ಆ ಜಾಗಕ್ಕೆ ಬಾಡಿಗೆ ಇದೆ. ಅಮೆರಿಕದಲ್ಲೂ ಇದೇ ಜಗಳ ನಡೆದಿತ್ತು. ಅಲ್ಲಿ 1999ರ ಕಾನೂನು, ಒಂದು ಊರಿನ ಒಂದು ಸ್ಟೇಷನ್ ಅನ್ನು ಆ ಕಾನೂನಿನ ಲೈಸೆನ್ಸ್ ಬಳಸಿ ತೋರಿಸಿದರೆ, ಕೇಳಿಕೊಂಡ ಆ ಊರಿನ ಉಳಿದ ಸ್ಟೇಷನ್‌ಗಳನ್ನೂ ತೋರಿಸಬೇಕು ಅಂದಿತು. 2002ರ ಜನವರಿಯಿಂದ ಅದು ಜಾರಿಗೆ ಬಂತು. ಕಂಪನಿಗಳು ಒಂದೊಂದು ಪ್ರದೇಶಕ್ಕೆ ಮಾತ್ರ ಬೀಳುವ ಸ್ಪಾಟ್ ಬೀಮ್ ಉಪಗ್ರಹಗಳನ್ನು ಬಳಸಿ ದಾರಿ ಕಂಡುಕೊಂಡವು. ಇಲ್ಲಿ ಆ ದಾರಿ ತುಳಿಯಲಿಲ್ಲ. ಅದರ ಬದಲು 2004ರ ಡಿಸೆಂಬರ್‌ನಲ್ಲಿ ದೂರದರ್ಶನವೇ ತನ್ನದೊಂದು ಡಿಶ್ ಶುರು ಮಾಡಿತು. ಡಿಡಿ ಡೈರೆಕ್ಟ್ ಪ್ಲಸ್, ಈಗಿನ ಫ್ರೀ ಡಿಶ್. ಬಾಕ್ಸ್ ಕೊಂಡರಾಯಿತು, ತಿಂಗಳ ದುಡ್ಡಿಲ್ಲ.

ಕಥೆ ನಿಜವಾಗಿ ಸಿಕ್ಕುಗಟ್ಟಿದ್ದು ಕ್ರಿಕೆಟ್‌ನಿಂದ.

2004ರಲ್ಲಿ ಭಾರತ ತಂಡ ಪಾಕಿಸ್ತಾನಕ್ಕೆ ಹೋಯಿತು. ಪ್ರಸಾರದ ಹಕ್ಕು ಟೆನ್ ಸ್ಪೋರ್ಟ್ಸ್‌ನದು. ಕೇಬಲ್ ಇಲ್ಲದವರ ಗತಿಯೇನು ಅಂತ ವಿಷಯ ಕೋರ್ಟ್ ಮೆಟ್ಟಿಲೇರಿತು. ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ಟೆನ್ ಸ್ಪೋರ್ಟ್ಸ್‌ನ ಲೋಗೊ, ಜಾಹೀರಾತು ಸಮೇತ ಮ್ಯಾಚ್ ಡಿಡಿಯಲ್ಲಿ ಬಂತು. 2007ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ತಂಡ ಇಲ್ಲಿಗೆ ಬಂದಾಗ ಮತ್ತೆ ಅದೇ ಜಗಳ, ಈ ಸಲ ಹಕ್ಕು ನಿಂಬಸ್ ಕಂಪನಿಯದು. ದೆಹಲಿ ಹೈಕೋರ್ಟ್ ಹೇಳಿದ ಪ್ರಕಾರ ಡಿಡಿ ಏಳು ನಿಮಿಷ ತಡವಾಗಿ ಮ್ಯಾಚ್ ತೋರಿಸಿತು. ಪಕ್ಕದ ಕೇಬಲ್ ಮನೆಯಲ್ಲಿ ಸಿಕ್ಸರ್‌ಗೆ ಕೂಗು ಎದ್ದ ಏಳು ನಿಮಿಷಕ್ಕೆ ಡಿಡಿ ನೋಡುವವರಿಗೆ ಸಿಕ್ಸರ್. ಇದು ಎಷ್ಟು ದಿನ ನಡೆಯುತ್ತೆ? ಫೆಬ್ರವರಿಯಲ್ಲೇ ಸುಗ್ರೀವಾಜ್ಞೆ ಬಂತು, ಮಾರ್ಚ್‌ನಲ್ಲಿ ಅದು ಕಾಯ್ದೆಯಾಯಿತು. ರಾಷ್ಟ್ರೀಯ ಮಹತ್ವದ ಪಂದ್ಯಗಳ ಲೈವ್ ಸಿಗ್ನಲ್ ಅನ್ನು ಹಕ್ಕುದಾರರು ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಕೊಡಬೇಕು, ಅದೂ ತಮ್ಮ ಜಾಹೀರಾತು ತೆಗೆದು ಕೊಡಬೇಕು. ಡಿಡಿಗೆ ಬರುವ ಜಾಹೀರಾತು ಆದಾಯದಲ್ಲಿ ಹಕ್ಕುದಾರರಿಗೆ ನೂರಕ್ಕೆ ಕನಿಷ್ಠ 75 ಪಾಲು, ಪ್ರಸಾರ ಭಾರತಿಗೆ 25.

ಎರಡು ಕಾನೂನುಗಳನ್ನು ಈಗ ಒಟ್ಟಿಗೆ ಇಟ್ಟು ನೋಡಿ. 2007ರ ಕಾಯ್ದೆ ಪ್ರಕಾರ ಮ್ಯಾಚ್ ಡಿಡಿಗೆ ಸಿಗುತ್ತದೆ. 1995ರ ಕಾಯ್ದೆ ಪ್ರಕಾರ ಡಿಡಿಯನ್ನು ಕೇಬಲ್‌ನವರು ಕತ್ತರಿಸದೆ ಕೊಡಬೇಕು. ಅಲ್ಲಿಗೆ ಕೋಟಿಗಟ್ಟಲೆ ಕೊಟ್ಟು ಕೊಂಡ ಮ್ಯಾಚ್ ಎಲ್ಲ ಕೇಬಲ್ ಮನೆಗಳಿಗೂ ಪುಕ್ಕಟೆ! ಕ್ರೀಡಾ ಚಾನೆಲ್‌ಗೆ ಯಾರು ತಿಂಗಳ ದುಡ್ಡು ಕಟ್ಟುತ್ತಾರೆ? ಬಿಸಿಸಿಐ ಮತ್ತು ಕ್ರೀಡಾ ಚಾನೆಲ್ ಇಎಸ್‌ಪಿಎನ್ ಕೋರ್ಟಿಗೆ ಹೋದವು. ಸರ್ಕಾರದ ವಾದವೂ ತಳ್ಳಿಹಾಕುವಂಥದ್ದಲ್ಲ. ಡಿಡಿ ಅಂದರೆ ಪೂರ್ತಿ ಡಿಡಿ, ಮ್ಯಾಚ್ ಇರುವ ಹೊತ್ತು ಬಿಟ್ಟು ಉಳಿದ ಡಿಡಿ ಅಂತ ಬೇರೆ ಇರಲು ಸಾಧ್ಯವೇ?

2015ರ ಫೆಬ್ರವರಿಯಲ್ಲಿ, ವಿಶ್ವಕಪ್ ಶುರುವಾಗುವ ಕೆಲವೇ ದಿನ ಮೊದಲು, ದೆಹಲಿ ಹೈಕೋರ್ಟ್ ಹಕ್ಕುದಾರರ ಪರ ತೀರ್ಪು ಕೊಟ್ಟಿತು. ಸುಪ್ರೀಂ ಕೋರ್ಟ್ ಅದನ್ನು ತಡೆಹಿಡಿದಿದ್ದರಿಂದ ಆ ವಿಶ್ವಕಪ್ ಹಾಗೇ ಸಾಗಿತು. 2017ರ ಆಗಸ್ಟ್ 22ರಂದು ಅಂತಿಮ ತೀರ್ಪು ಬಂತು. ಹಂಚಿಕೊಂಡ ಸಿಗ್ನಲ್ ಡಿಡಿಯ ಟ್ರಾನ್ಸ್‌ಮಿಟರ್‌ಗಳಿಗೆ ಮತ್ತು ಅದರ ಸ್ವಂತ ಡಿಶ್‌ಗೆ ಮಾತ್ರ, ಖಾಸಗಿ ಕೇಬಲ್ ಮತ್ತು ಡಿಟಿಎಚ್‌ಗೆ ಅಲ್ಲ. ಕಾನೂನಿನ ಅಕ್ಷರ ನೋಡಿದರೆ ತೀರ್ಪು ಸರಿಯಾಗಿಯೇ ಇದೆ. 2007ರ ಕಾಯ್ದೆ ಹೆಸರು ಹೇಳಿದ್ದು ಆ ಎರಡನ್ನೇ. ಆದರೆ ಫಲ ನೋಡಿ. ಒಂದೇ ಡಿಡಿ ಎರಡಾಯಿತು. ತಿಂಗಳು ತಿಂಗಳು ರೀಚಾರ್ಜ್ ಮಾಡಿಸುವ ಮನೆಗೆ ಮ್ಯಾಚ್ ಇಲ್ಲದ ಡಿಡಿ, ಏನೂ ಕಟ್ಟದ ಮನೆಗೆ ಮ್ಯಾಚ್ ಇರುವ ಡಿಡಿ. ಬಡವರಿಗೆ ಸಿಗಲಿ ಅನ್ನುವ ಉದ್ದೇಶ ಈಡೇರಿತು, ನಿಜ. ಆದರೆ ಹಳ್ಳಿಯಲ್ಲಿ ಕೇಬಲ್ ಹಾಕಿಸಿಕೊಂಡವರೆಲ್ಲ ಶ್ರೀಮಂತರು ಅನ್ನುವ ಲೆಕ್ಕ ಸ್ವಲ್ಪ ವಿಚಿತ್ರವೇ. ತೀರ್ಪು ಬಂದ ಐದೇ ವರ್ಷಕ್ಕೆ, 2022ರ ಮಾರ್ಚ್ ಹೊತ್ತಿಗೆ, ಡಿಡಿಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳು ಬಹುತೇಕ ಬಂದ್ ಆದವು. ಆಯ್ದ ನಗರಗಳ ಡಿಜಿಟಲ್ ಟ್ರಾನ್ಸ್‌ಮಿಟರ್ ಬಿಟ್ಟರೆ ಉಳಿದದ್ದು ಫ್ರೀ ಡಿಶ್.

ಈ ನಡುವೆ ಕೇಬಲ್ ಡಿಜಿಟಲ್ ಆಯಿತು. ಬೆಂಗಳೂರು, ಮೈಸೂರಿಗೆ ಗಡುವು ಇದ್ದದ್ದು 2013ರ ಮಾರ್ಚ್. ಡಿಜಿಟಲ್‌ನಲ್ಲಿ ಚಾನೆಲ್ ಎಲ್ಲಿಟ್ಟರೂ ಚಿತ್ರ ಒಂದೇ ಥರ, ಹಾಗಾಗಿ ಪ್ರೈಮ್ ಬ್ಯಾಂಡ್ ಜಗಳ ತಾನಾಗಿ ಮುಗಿಯಿತು, ಕಡ್ಡಾಯ ಚಾನೆಲ್‌ಗಳ ಪಟ್ಟಿ ಮಾತ್ರ ಬೆಳೆಯಿತು. ಎರಡರಿಂದ ಮೂರಾಗಿ, ಸಂಸತ್ತಿನ ಚಾನೆಲ್‌ಗಳೂ ಸೇರಿ ಸುಮಾರು 25ಕ್ಕೆ ಮುಟ್ಟಿತು. 2019ರಲ್ಲಿ ಟಿವಿ ದರಗಳನ್ನೂ ನೋಡಿಕೊಳ್ಳುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಹೊಸ ದರ ನಿಯಮ ಬಂದಾಗ ಅದರ ಭಾರ ಗೊತ್ತಾಯಿತು. 100 ಚಾನೆಲ್‌ಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಆ ನೂರರಲ್ಲಿ ಕಾಲು ಭಾಗ ಮೊದಲೇ ತುಂಬಿತ್ತು! ಕನ್ನಡದ ಮನೆಯವರು ಬೇರೆ ರಾಜ್ಯಗಳ ಡಿಡಿಗೂ ಜಾಗ ಬಿಟ್ಟುಕೊಟ್ಟು ಉಳಿದದ್ದರಲ್ಲಿ ತಮಗೆ ಬೇಕಾದ್ದು ಆರಿಸಬೇಕಿತ್ತು. ಗಲಾಟೆ ಆದ ಮೇಲೆ, 2020ರಿಂದ ಅದೇ 130 ರೂಪಾಯಿಗೆ 200 ಚಾನೆಲ್, ಕಡ್ಡಾಯದವು ಲೆಕ್ಕದಿಂದ ಹೊರಗೆ ಅಂತಾಯಿತು. 2024ರಲ್ಲಿ ಆ ಶುಲ್ಕದ ಮಿತಿಯನ್ನೇ ತೆಗೆದು ಕಂಪನಿಗಳಿಗೆ ಬಿಟ್ಟರು.

ಖಾಸಗಿ ಕನ್ನಡ ಚಾನೆಲ್‌ಗಳಿಗೆ ಈ ಕಡ್ಡಾಯದ ರಕ್ಷಣೆ ಯಾವತ್ತೂ ಇರಲಿಲ್ಲ. 2017ರ ಟ್ರಾಯ್ ನಿಯಮ, ಜಾಗವಿದ್ದರೆ ಕೇಳಿದವರಿಗೆ ಸರದಿ ಪ್ರಕಾರ ಕೊಡಬೇಕು ಅಂದಿತು. ತಮ್ಮನ್ನು ತೋರಿಸಲು ಚಾನೆಲ್‌ಗಳು ಕೇಬಲ್, ಡಿಶ್ ಕಂಪನಿಗಳಿಗೆ ಕೊಡುವ ಸಾಗಣೆ ಶುಲ್ಕಕ್ಕೆ ಸಾಧಾರಣ ಚಾನೆಲ್‌ಗೆ ಒಬ್ಬ ಗ್ರಾಹಕನಿಗೆ ತಿಂಗಳಿಗೆ 20 ಪೈಸೆಯ ಮಿತಿ ಹಾಕಿತು. ಸಣ್ಣ ಕನ್ನಡ ಚಾನೆಲ್ ದೇಶವಿಡೀ ಬೀಳುವ ಡಿಶ್‌ಗೆ ಏರಬೇಕೆಂದರೆ ಆ 20 ಪೈಸೆಯೂ ಗುಣಿಸುತ್ತಾ ಹೋಗುತ್ತಿತ್ತು. ಇನ್ನು ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳಿಗೆ ಜಾಗ ಸಿಗುವುದು ಹರಾಜಿನಲ್ಲಿ. ಅಲ್ಲಿ ಹಿಂದಿ ಚಾನೆಲ್‌ಗಳದ್ದೇ ಜಾಸ್ತಿ.

ಈಗ ಹೊಸ ಟಿವಿಗಳು ಆನ್ ಆದ ಕೂಡಲೇ ಚಾನೆಲ್ ಬರುವುದಿಲ್ಲ, ಆ್ಯಪ್‌ಗಳ ಸಾಲು ಬರುತ್ತದೆ. 2024ರ ನವೆಂಬರ್‌ನಲ್ಲಿ ಪ್ರಸಾರ ಭಾರತಿಯೂ ವೇವ್ಸ್ ಎಂಬ ಆ್ಯಪ್ ತಂದಿತು. ಆ ಸಾಲಿನಲ್ಲಿ ಅದು ಎಲ್ಲಿರಬೇಕು ಅನ್ನುವುದಕ್ಕೆ 8ನೇ ಸೆಕ್ಷನ್ ಅನ್ವಯಿಸುವುದಿಲ್ಲ. ಕೇಬಲ್ ಕಾಯ್ದೆಯ ಜಾಗಕ್ಕೆ ಬರಬೇಕಾದ ಪ್ರಸಾರ ಸೇವೆಗಳ ಮಸೂದೆಯ ಕರಡು 2023ರ ನವೆಂಬರ್‌ನಲ್ಲಿ ಹೊರಬಂದಿತ್ತು.