ಷಿಕಾಗೊ ನೋಡುವುದು ಹೇಗೆ: ಪಟ್ಟಿ ಬಿಟ್ಟು ಕಾರಣ ಹಿಡಿದು ಓದುವವರಿಗೆ

ಪ್ರವಾಸೋದ್ಯಮ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ‘ಅಮೆರಿಕದ ಒಂದು ದೊಡ್ಡ ನಗರದ ಪ್ರೇಕ್ಷಣೀಯ ತಾಣಗಳನ್ನು ವಿವರಿಸಿ’ ಅಂತ ಪ್ರಶ್ನೆ ಬಂದರೆ ಎಲ್ಲರೂ ನ್ಯೂಯಾರ್ಕ್ ಕಡೆ ಓಡುತ್ತಾರೆ. ಷಿಕಾಗೊ ಬರೆಯುವವರು ಎತ್ತರದ ಕಟ್ಟಡ, ಸರೋವರ, ವಿವೇಕಾನಂದರ ಭಾಷಣ ಅಂತ ಮೂರು ಸಾಲು ಬರೆದು ಪೆನ್ನು ಕಚ್ಚುತ್ತಾ ಕೂರುತ್ತಾರೆ. ಹೆಸರುಗಳನ್ನು ಉರು ಹೊಡೆದರೆ ಆಗುವುದೇ ಹಾಗೆ.

ಈ ಊರಿನ ಮಟ್ಟಿಗೆ ಒಂದು ಸುಲಭದ ಕೀಲಿ ಇದೆ. ಇಲ್ಲಿ ಜನ ಟಿಕೆಟ್ ಕೊಟ್ಟು ನೋಡುವ ಎಷ್ಟೋ ಸಂಗತಿಗಳು ಪ್ರವಾಸಿಗರಿಗೆ ಅಂತ ಹುಟ್ಟಿದವಲ್ಲ. ಊರಿಗೆ ಒಂದೊಂದು ತೊಂದರೆ ಬಂತು: ಬೆಂಕಿ, ಮೆತ್ತನೆಯ ಮಣ್ಣು, ಕೊಳಕು ನೀರು, ಸಾಕಾಗದ ಜಾಗ. ಅದಕ್ಕೆ ಹುಡುಕಿದ ದಾರಿಯೇ ಆಮೇಲೆ ನೋಡುವ ವಸ್ತುವಾಯಿತು. ‘ಇದು ಇಲ್ಲೇಕೆ ಇದೆ?’ ಅಂತ ಕೇಳಿಕೊಳ್ಳುತ್ತಾ ಹೋದರೆ ಉತ್ತರ ತಾನಾಗಿ ಬೆಳೆಯುತ್ತದೆ.

ಬೆಂಕಿಯಿಂದ ಶುರು ಮಾಡಿ

1871ರ ಅಕ್ಟೋಬರ್ 8ರ ರಾತ್ರಿ ಊರಿನ ನೈಋತ್ಯ ಭಾಗದ ಡಿಕೋವನ್ ಬೀದಿಯ ಒಂದು ಕೊಟ್ಟಿಗೆಯ ಹತ್ತಿರ ಬೆಂಕಿ ಹೊತ್ತಿತು. ಮನೆ ಮರದ್ದು, ಕಾಲುದಾರಿಗೂ ಮರದ ಹಲಗೆ. ಮಳೆ ಕಾಣದ ಬೇಸಿಗೆ ಆಗಷ್ಟೇ ಮುಗಿದಿತ್ತು, ಗಾಳಿ ಬೇರೆ ಜೋರು. 10ನೇ ತಾರೀಖು ಬೆಂಕಿ ಆರುವಷ್ಟರಲ್ಲಿ ಸುಮಾರು 300 ಜನ ಸತ್ತಿದ್ದರು, ಒಂದು ಲಕ್ಷದಷ್ಟು ಜನ ಮನೆ ಕಳೆದುಕೊಂಡಿದ್ದರು. ಓ’ಲಿಯರಿ ಎಂಬ ಹೆಂಗಸಿನ ಹಸು ಲಾಂದ್ರ ಒದ್ದಿತು ಎಂಬ ಕಥೆ ಎಲ್ಲ ಕಡೆ ಸಿಗುತ್ತದೆ. ಅದಕ್ಕೆ ಸಾಕ್ಷಿ ಇಲ್ಲ. 1997ರಲ್ಲಿ ನಗರಸಭೆಯೇ ಆ ಹೆಂಗಸನ್ನೂ ಹಸುವನ್ನೂ ದೋಷಮುಕ್ತ ಮಾಡಿತು. ಬೆಂಕಿ ಹೊತ್ತಿದ ಜಾಗದಲ್ಲಿ ಈಗ ಅಗ್ನಿಶಾಮಕ ದಳದ ತರಬೇತಿ ಕೇಂದ್ರ ಇದೆ. ಯಾರೋ ಬೇಕೆಂದೇ ಆರಿಸಿದ ಹಾಗಿದೆ, ಅಲ್ವಾ?

ಅಂದಿನ ಕುರುಹು ನೋಡಬೇಕು ಅಂದರೆ ಮಿಷಿಗನ್ ಅವೆನ್ಯೂನಲ್ಲಿರುವ ವಾಟರ್ ಟವರ್‌ಗೆ ಹೋಗಬೇಕು. 1869ರ ಸುಣ್ಣದಕಲ್ಲಿನ ಕಟ್ಟಡ. ಸುತ್ತಲಿನ ಗಗನಚುಂಬಿಗಳ ನಡುವೆ ಆಟಿಕೆ ಕೋಟೆಯಂತೆ ಕಾಣುತ್ತದೆ. ಒಳಗೆ ಇದ್ದದ್ದು ನೀರಿನ ಒತ್ತಡ ಸಮ ಮಾಡುವ ಎತ್ತರದ ಕೊಳವೆ. ಬೆಂಕಿಯ ದಿನ ಎದುರಿನ ಪಂಪಿಂಗ್ ಸ್ಟೇಷನ್ನಿನ ಚಾವಣಿ ಸುಟ್ಟು ಪಂಪುಗಳು ನಿಂತವು, ಊರಿಗೆ ನೀರು ಇಲ್ಲದಾಯಿತು. ಕಲ್ಲಿನ ಗೋಡೆಗಳು ಮಾತ್ರ ಉಳಿದವು. ಹೆಚ್ಚಿನವರು ಇದರ ಮುಂದೆ ಒಂದು ಫೋಟೊ ತೆಗೆದು ಅಂಗಡಿಗಳ ಕಡೆ ನಡೆದುಬಿಡುತ್ತಾರೆ.

ಮಣ್ಣು ಮೆತ್ತಗೆ, ಜಾಗ ತುಟ್ಟಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ಷಿಕಾಗೊ ಅಂದರೆ ಮೊದಲು ಕಟ್ಟಡ, ಆಮೇಲೆ ಉಳಿದದ್ದು.

ಬೆಂಕಿಯಾದ ಮೇಲೆ ಊರಿನ ನಡುವಿನ ಜಾಗಕ್ಕೆ ಬೆಲೆ ಏರಿತು. ಅಗಲಕ್ಕೆ ಹೋಗಲು ಒಂದು ಕಡೆ ಸರೋವರ, ಇನ್ನೊಂದು ಕಡೆ ನದಿ ಮತ್ತು ರೈಲು ಹಳಿ. ಮೇಲಕ್ಕೆ ಹೋಗೋಣ ಅಂದರೆ ಕೆಳಗೆ ಜೇಡಿಮಣ್ಣು. ಇಟ್ಟಿಗೆ ಗೋಡೆಯ ಮೇಲೆಯೇ ಭಾರ ಹೊರಿಸಿ ಎತ್ತರ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಡಿಯರ್‌ಬಾರ್ನ್ ಬೀದಿಯ ಮೊನಾಡ್‌ನಾಕ್ ಕಟ್ಟಡದಲ್ಲಿ ಕಣ್ಣಾರೆ ನೋಡಬಹುದು. 1891ರಲ್ಲಿ ಮುಗಿದ ಉತ್ತರದ ಅರ್ಧ 16 ಮಹಡಿ, ಇಟ್ಟಿಗೆ ಗೋಡೆಯದ್ದು. ತಳದಲ್ಲಿ ಗೋಡೆ ಆರು ಅಡಿ ದಪ್ಪ. ಕಿಟಕಿಯ ಪಕ್ಕ ನಿಂತರೆ ಗೋಡೆಯ ಆಳ ಗೊತ್ತಾಗುತ್ತದೆ. ಇಷ್ಟು ದಪ್ಪ ಗೋಡೆ ಬಾಡಿಗೆಗೆ ಕೊಡಬೇಕಾದ ನೆಲವನ್ನೇ ನುಂಗುತ್ತದೆ. ಅದರ ಭಾರಕ್ಕೆ ಕಟ್ಟಡ ಅಂದಾಜಿಗಿಂತ ಜಾಸ್ತಿ ಕೆಳಗಿಳಿಯಿತು ಕೂಡ. ಎರಡೇ ವರ್ಷದ ನಂತರ, 1893ರಲ್ಲಿ, ದಕ್ಷಿಣದ ಅರ್ಧವನ್ನು ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿದರು. ಒಂದೇ ಕಟ್ಟಡದ ಎರಡು ತುದಿ, ಎರಡು ಕಾಲ. ಪ್ರವೇಶ ಶುಲ್ಕ ಕೊಟ್ಟು ಹತ್ತುವ ಗೋಪುರಗಳಿಗಿಂತ ಇದು ಕಲಿಸುವುದು ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಚೌಕಟ್ಟಿನ ಉಪಾಯ ಅದಕ್ಕೂ ಮೊದಲೇ ಶುರುವಾಗಿತ್ತು. 1885ರ ಹೋಮ್ ಇನ್ಶುರೆನ್ಸ್ ಕಟ್ಟಡದಲ್ಲಿ ವಿಲಿಯಂ ಲಿ ಬ್ಯಾರನ್ ಜೆನ್ನಿ ಲೋಹದ ಚೌಕಟ್ಟಿನ ಮೇಲೆ ಭಾರ ಹೊರಿಸಿದ. ಬರೀ 10 ಮಹಡಿಯಾದರೂ ಅದನ್ನೇ ಮೊದಲ ಗಗನಚುಂಬಿ ಎನ್ನುವವರು ಬಹಳ. ಆದರೆ ಪ್ರವಾಸಿ ತಾಣಗಳ ಪಟ್ಟಿಯಲ್ಲಿ ಅದನ್ನು ಬರೆಯಬೇಡಿ. 1931ರಲ್ಲೇ ಕೆಡವಿದ್ದಾರೆ.

ಇಪ್ಪತ್ತನೇ ಶತಮಾನದಲ್ಲಿ ತೊಂದರೆ ಬದಲಾಯಿತು. ನೂರು ಮಹಡಿ ಏರಿದಾಗ ಭಾರಕ್ಕಿಂತ ಗಾಳಿಯ ನೂಕು ದೊಡ್ಡದು. ಇದಕ್ಕೆ ದಾರಿ ಕಂಡುಕೊಂಡವನು ಢಾಕಾದಲ್ಲಿ ಹುಟ್ಟಿದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್, ಜತೆಗೆ ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ. 1969ರ ಜಾನ್ ಹ್ಯಾನ್‌ಕಾಕ್ ಸೆಂಟರ್‌ನಲ್ಲಿ ಗಾಳಿ ತಡೆಯುವ ಅಡ್ಡಪಟ್ಟಿಗಳನ್ನು ಒಳಗೆ ಮುಚ್ಚಿಡಲಿಲ್ಲ. ಹೊರಗೋಡೆಯ ಮೇಲೆ ದೊಡ್ಡ ದೊಡ್ಡ ಗುಣಾಕಾರದ ಗುರುತಿನ ಹಾಗೆ ಬಿಟ್ಟರು. ಅಲಂಕಾರ ಅಂತ ಕಾಣುವುದು ನಿಜಕ್ಕೂ ಕಟ್ಟಡದ ಎಲುಬು.

ಸಿಯರ್ಸ್ ಟವರ್‌ನಲ್ಲಿ ಉಪಾಯವೇ ಬೇರೆ. ಒಂದು ಊದುಬತ್ತಿ ಕಡ್ಡಿ ಬೇಗ ಬಾಗುತ್ತದೆ, ಒಂಬತ್ತನ್ನು ಬಿಗಿಯಾಗಿ ಕಟ್ಟಿದರೆ ಬಾಗಿಸುವುದು ಕಷ್ಟ. ಹಾಗೆಯೇ ಇಲ್ಲಿ 75 ಅಡಿ ಅಗಲದ ಒಂಬತ್ತು ಚೌಕ ಕೊಳವೆಗಳನ್ನು ಜೋಡಿಸಿದ್ದಾರೆ. 50ನೇ ಮಹಡಿಗೆ ಎರಡು ನಿಲ್ಲುತ್ತವೆ, 66ಕ್ಕೆ ಇನ್ನೆರಡು, 90ಕ್ಕೆ ಮೂರು. ತುದಿವರೆಗೆ ಹೋಗುವುದು ಎರಡೇ. ದೂರದಿಂದ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಇದಕ್ಕೇ. ಒಟ್ಟು 110 ಮಹಡಿ, 442 ಮೀಟರ್. 1998ರವರೆಗೂ ಜಗತ್ತಿನಲ್ಲೇ ಎತ್ತರದ ಕಟ್ಟಡ ಎಂಬ ಹೆಸರು ಇದಕ್ಕಿತ್ತು. 103ನೇ ಮಹಡಿಯ ಸ್ಕೈಡೆಕ್‌ನಲ್ಲಿ 2009ರಿಂದ ಗಾಜಿನ ಪೆಟ್ಟಿಗೆಗಳಿವೆ. ಗೋಡೆಯಿಂದ ಸುಮಾರು 1.3 ಮೀಟರ್ ಹೊರಚಾಚಿವೆ. ಕಾಲ ಕೆಳಗೆ ಗಾಜು, ಅದರ ಕೆಳಗೆ 412 ಮೀಟರ್ ಖಾಲಿ. ಎತ್ತರಕ್ಕೆ ಹೆದರುವವರು ಸುಮ್ನೆ ಕಿಟಕಿ ಹತ್ತಿರ ನಿಂತರೂ ನೋಟಕ್ಕೆ ಕೊರತೆ ಇಲ್ಲ.

ಪರೀಕ್ಷೆಯಲ್ಲಿ ಎಡವಿಸುವುದು ಹೆಸರು. ಸಿಯರ್ಸ್ ಟವರ್ 2009ರಿಂದ ವಿಲ್ಲಿಸ್ ಟವರ್. ಹ್ಯಾನ್‌ಕಾಕ್ 2018ರಿಂದ ಅಧಿಕೃತವಾಗಿ ಬರೀ ವಿಳಾಸ: 875 ನಾರ್ತ್ ಮಿಷಿಗನ್ ಅವೆನ್ಯೂ. ಅದರ 94ನೇ ಮಹಡಿಯ ವೀಕ್ಷಣಾಲಯಕ್ಕೆ 360 ಷಿಕಾಗೊ ಎಂಬ ಹೆಸರು. ಊರಿನವರು ಇಂದಿಗೂ ಹಳೆಯ ಹೆಸರುಗಳನ್ನೇ ಹೇಳುತ್ತಾರೆ, ಆದ್ದರಿಂದ ಎರಡನ್ನೂ ಬರೆದಿಡಿ.

ತಿರುಗಿ ಹರಿಯುವ ನದಿ

ಷಿಕಾಗೊ ನದಿ ಮೊದಲು ಮಿಷಿಗನ್ ಸರೋವರಕ್ಕೆ ಸೇರುತ್ತಿತ್ತು. ಊರಿನ ಕೊಳಚೆಯೂ ಅದರ ಜತೆಗೇ. ಕುಡಿಯುವ ನೀರು ಬರುತ್ತಿದ್ದದ್ದು ಅದೇ ಸರೋವರದಿಂದ! ಅದಕ್ಕೆ 45 ಕಿಲೋಮೀಟರ್ ಉದ್ದದ ಕಾಲುವೆ ತೋಡಿ, 1900ರ ಜನವರಿಯಲ್ಲಿ ನದಿಯ ಹರಿವನ್ನೇ ತಿರುಗಿಸಿದರು. ನೀರು ಈಗ ಸರೋವರದಿಂದ ಹೊರಟು ಕೊನೆಗೆ ಮಿಸಿಸಿಪ್ಪಿ ನದಿಯ ಕಡೆ ಹೋಗುತ್ತದೆ. ಕೆಳಗಿನ ಮಿಸೌರಿ ರಾಜ್ಯದವರು ‘ನಿಮ್ಮ ಕೊಳಚೆ ನಮಗೇಕೆ’ ಅಂತ ಸುಪ್ರೀಂ ಕೋರ್ಟಿಗೆ ಹೋದರು. 1906ರಲ್ಲಿ ಸೋತರು. ನದಿನೀರಿನ ಜಗಳ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದೇ ನದಿಯಲ್ಲಿ ಈಗ ಕಟ್ಟಡಗಳನ್ನು ತೋರಿಸುವ ದೋಣಿ ಪ್ರವಾಸ ನಡೆಯುತ್ತದೆ. ಸುಮಾರು ಒಂದೂವರೆ ಗಂಟೆ. ಒಂದೇ ಒಂದಕ್ಕೆ ದುಡ್ಡು ಖರ್ಚು ಮಾಡುವುದಾದರೆ ಇದಕ್ಕೇ ಮಾಡಿ ಎನ್ನುತ್ತೇನೆ. 1964ರ ಮರೀನಾ ಸಿಟಿಯ ದುಂಡನೆಯ ಅವಳಿ ಗೋಪುರಗಳಲ್ಲಿ ಕೆಳಗಿನ 19 ಮಹಡಿ ಬರೀ ಕಾರು ನಿಲ್ಲಿಸುವ ಜಾಗ. ಕಾರುಗಳ ಮೂತಿ ನದಿಯ ಮೇಲೆ ಇಣುಕುತ್ತಿರುತ್ತದೆ. 1925ರ ಟ್ರಿಬ್ಯೂನ್ ಟವರ್‌ನ ಗೋಡೆಯಲ್ಲಿ ಜಗತ್ತಿನ ಪ್ರಸಿದ್ಧ ಕಟ್ಟಡಗಳ ಕಲ್ಲಿನ ತುಣುಕುಗಳನ್ನು ಹುದುಗಿಸಿದ್ದಾರೆ, ತಾಜ್‌ಮಹಲಿನದ್ದೂ ಇದೆ. ಅದನ್ನು ನೋಡಲು ದೋಣಿ ಇಳಿದು ನಡೆದೇ ಹೋಗಬೇಕು.

ಸರೋವರದ ದಡ

ದಡದ ಇಷ್ಟೊಂದು ಭಾಗ ಖಾಲಿ ಉಳಿದದ್ದು ತಾನಾಗಿ ಅಲ್ಲ. 1836ರ ನಕ್ಷೆಯಲ್ಲೇ ಈ ಭಾಗ ಕಟ್ಟಡಗಳಿಲ್ಲದೆ ಸಾರ್ವಜನಿಕರಿಗೆ ತೆರೆದಿರಬೇಕು ಅಂತ ಬರೆದಿತ್ತು. ಅದನ್ನು ಹಿಡಿದು ವ್ಯಾಪಾರಿ ಮಾಂಟ್‌ಗೊಮೆರಿ ವಾರ್ಡ್ ವರ್ಷಗಟ್ಟಲೆ ಕೋರ್ಟಿಗೆ ಅಲೆದ. ಗ್ರಾಂಟ್ ಪಾರ್ಕ್ ಉಳಿಯಿತು.

ಅದರ ಮೂಲೆಯಲ್ಲಿ 2004ರಲ್ಲಿ ತೆರೆದದ್ದು ಮಿಲೇನಿಯಂ ಪಾರ್ಕ್. 2000ಕ್ಕೆ ಮುಗಿಯಬೇಕಿತ್ತು, ಹೆಸರಿನ ಕಾರಣ ಅದೇ. ಹುಲ್ಲಿನ ಕೆಳಗೆ ಇರುವುದು ರೈಲು ಹಳಿ ಮತ್ತು ಪಾರ್ಕಿಂಗ್. ಫ್ರಾಂಕ್ ಗೆರಿ ವಿನ್ಯಾಸದ ಸಂಗೀತ ವೇದಿಕೆ ಎತ್ತರವಾಗಿದೆ. ಕಟ್ಟಡದ ನಿರ್ಬಂಧ ತಾಗದಿರಲಿ ಅಂತ ಅದನ್ನು ‘ಕಲಾಕೃತಿ’ ಎಂದು ಲೆಕ್ಕ ಹಿಡಿದಿದ್ದಾರೆ. ಜಾಣತನ ಎಲ್ಲ ಊರಲ್ಲೂ ಒಂದೇ.

ಎಲ್ಲರೂ ಹುಡುಕಿ ಬರುವುದು ಕ್ಲೌಡ್ ಗೇಟ್ ಎಂಬ ಶಿಲ್ಪವನ್ನು. ಮಾಡಿದ್ದು ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್. ಊರವರು ಕರೆಯುವುದು ‘ಬೀನ್’ ಅಂತ. 168 ಸ್ಟೇನ್‌ಲೆಸ್ ಉಕ್ಕಿನ ಹಾಳೆಗಳನ್ನು ಬೆಸೆದಿದ್ದಾರೆ. ಉದ್ದ ಸುಮಾರು 20 ಮೀಟರ್, ಎತ್ತರ 10. ಹತ್ತಿರ ಹೋಗಿ ಬೆಸುಗೆ ಹುಡುಕಿದರೂ ಸಿಗುವುದಿಲ್ಲ. 2004ರಲ್ಲಿ ತೋರಿಸಿದಾಗ ಗೆರೆಗಳು ಕಾಣುತ್ತಿದ್ದವು, ಅವನ್ನು ಉಜ್ಜಿ ಉಜ್ಜಿ ಅಳಿಸಿ 2006ರಲ್ಲಿ ಮುಗಿಸಿದರು. ಕಮಾನಿನ ಕೆಳಗೆ ನಿಂತು ತಲೆ ಎತ್ತಿದರೆ ನಿಮ್ಮ ಬಿಂಬ ಎಳೆದು, ತಿರುಚಿ, ಹಲವು ಪಾಲಾಗಿ ಕಾಣುತ್ತದೆ. ಮಕ್ಕಳು ಅಲ್ಲಿಂದ ಕದಲುವುದೇ ಇಲ್ಲ.

1893

ಈ ವರ್ಷ ಮರೆಯಬೇಡಿ. ಜಾಕ್ಸನ್ ಪಾರ್ಕಿನಲ್ಲಿ ವಿಶ್ವ ಮೇಳ ನಡೆಯಿತು. ಜಗತ್ತಿನ ಮೊದಲ ಫೆರಿಸ್ ಚಕ್ರ (ನಾವು ಜಾಯಿಂಟ್ ವೀಲ್ ಅನ್ನುವುದು) ತಿರುಗಿದ್ದು ಅಲ್ಲೇ, 264 ಅಡಿ ಎತ್ತರ. ಸರೋವರದ ದಡದ ನೇವಿ ಪಿಯರ್‌ನಲ್ಲಿ ಈಗಿರುವ ಚಕ್ರ 2016ರದ್ದು, ಎರಡನ್ನೂ ಒಂದೇ ಅಂತ ಬರೆದರೆ ಅಂಕ ಹೋಗುತ್ತದೆ. ಮೇಳದ ಕಲಾ ಅರಮನೆಯಲ್ಲಿ ಇಂದು ವಿಜ್ಞಾನ ಮತ್ತು ಕೈಗಾರಿಕಾ ಮ್ಯೂಸಿಯಂ ಇದೆ. ಎರಡನೇ ಮಹಾಯುದ್ಧದಲ್ಲಿ ಹಿಡಿದ ಯು-505 ಎಂಬ ಜರ್ಮನ್ ಜಲಾಂತರ್ಗಾಮಿ ಅಲ್ಲಿ ನೋಡಲು ಸಿಗುತ್ತದೆ.

ಸರ್ವಧರ್ಮ ಸಮ್ಮೇಳನ ನಡೆದದ್ದು ಮೇಳದ ಮೈದಾನದಲ್ಲಿ ಅಲ್ಲ. ಮಿಷಿಗನ್ ಅವೆನ್ಯೂನ ಈಗ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾ ಮ್ಯೂಸಿಯಂ ಇರುವ ಕಟ್ಟಡದಲ್ಲಿ. ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತಾಡಿದ ಕೊಲಂಬಸ್ ಸಭಾಂಗಣ ತಾತ್ಕಾಲಿಕವಾಗಿ ಕಟ್ಟಿದ್ದು, ಈಗ ಇಲ್ಲ. ಎಷ್ಟೋ ಜನ ಅದೇ ಅಂದುಕೊಂಡು ಕೈಮುಗಿದು ಬರುವ ಫುಲರ್ಟನ್ ಹಾಲ್ 1898ರದ್ದು. ಇದಕ್ಕೊಂದು ಮೈಸೂರಿನ ಎಳೆಯೂ ಇದೆ. 1892ರಲ್ಲಿ ಸ್ವಾಮೀಜಿ ಮೈಸೂರಿನಲ್ಲಿ ತಂಗಿದ್ದರು. ಮಹಾರಾಜ ಹತ್ತನೇ ಚಾಮರಾಜೇಂದ್ರ ಒಡೆಯರ್ ಸ್ವಾಮೀಜಿಯ ವಿದೇಶ ಪ್ರಯಾಣಕ್ಕೆ ನೆರವಿನ ಮಾತಾಡಿದ್ದರು. 1894ರ ಜೂನ್‌ನಲ್ಲಿ ಸ್ವಾಮೀಜಿ ಷಿಕಾಗೊದಿಂದಲೇ ಮಹಾರಾಜರಿಗೆ ಪತ್ರ ಬರೆದರು. ಆರ್ಟ್ ಇನ್‌ಸ್ಟಿಟ್ಯೂಟ್ ಎದುರಿನ ರಸ್ತೆಯ ಒಂದು ತುಂಡಿಗೆ ಗೌರವವಾಗಿ ಸ್ವಾಮೀಜಿಯ ಹೆಸರಿಟ್ಟಿದ್ದಾರೆ. ಇಷ್ಟು ದೂರ ಹೋದವರು ಒಳಗಿನ ಚಿತ್ರಗಳನ್ನೂ ನೋಡಿ ಬರಬೇಕು. ಎಡ್ವರ್ಡ್ ಹಾಪರ್ 1942ರಲ್ಲಿ ಬರೆದ ‘ನೈಟ್‌ಹಾಕ್ಸ್’ ಇಲ್ಲೇ ಇದೆ.

ಉಳಿದದ್ದು, ಬೇಗ ಬೇಗ

ಫೀಲ್ಡ್ ಮ್ಯೂಸಿಯಂನಲ್ಲಿ ‘ಸೂ’ ಎಂಬ ಟಿ-ರೆಕ್ಸ್ ಡೈನೋಸಾರ್‌ನ ಅಸ್ಥಿಪಂಜರ. ಅದರ ಪಕ್ಕದಲ್ಲೇ 1930ರ ಶೆಡ್ ಅಕ್ವೇರಿಯಂ, ಅದೇ ವರ್ಷದ ಆಡ್ಲರ್ ತಾರಾಲಯ. ಲಿಂಕನ್ ಪಾರ್ಕ್ ಮೃಗಾಲಯಕ್ಕೆ ಪ್ರವೇಶ ಉಚಿತ. ಡೆವಾನ್ ಅವೆನ್ಯೂನಲ್ಲಿ ನಮ್ಮ ಕಡೆಯ ದಿನಸಿ, ಸೀರೆ, ತಿಂಡಿ ಎಲ್ಲ ಸಿಗುತ್ತದೆ. ಕನ್ನಡಿಗರಿಗೆ ವಿದ್ಯಾರಣ್ಯ ಕನ್ನಡ ಕೂಟವಿದೆ, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ 2008ರ ಸಮ್ಮೇಳನ ನಡೆದದ್ದೂ ಈ ಊರಲ್ಲೇ.

ಓಡಾಟಕ್ಕೆ ಕಾರು ಬೇಡ. ‘ಎಲ್’ ಅಂತ ಕರೆಯುವ ರೈಲು ಬೀದಿಗಳ ಮೇಲೆ ಕಬ್ಬಿಣದ ಕಂಬಗಳ ಮೇಲೆ ಓಡುತ್ತದೆ. 1897ರಲ್ಲಿ ಪೂರ್ತಿಯಾದ ಅದರ ಸುತ್ತುಹಾದಿಯಿಂದಲೇ ಊರಿನ ನಡುಭಾಗಕ್ಕೆ ‘ಲೂಪ್’ ಎಂಬ ಹೆಸರು ನಿಂತಿದೆ. ಬ್ರೌನ್ ಲೈನ್ ಹತ್ತಿ ಒಂದು ಸುತ್ತು ಹಾಕಿದರೆ ಎರಡನೇ ಮಹಡಿಯ ಕಿಟಕಿಗಳು ಕೈಗೆಟುಕುವಷ್ಟು ಹತ್ತಿರ ಬರುತ್ತವೆ. ಓ’ಹೇರ್ ವಿಮಾನ ನಿಲ್ದಾಣದಿಂದ ಬ್ಲೂ ಲೈನ್ ನೇರ ಲೂಪ್‌ಗೆ ಬರುತ್ತದೆ.

ವಿಮಾನ ಬದಲಿಸುವ ನಡುವೆ ಅರ್ಧ ದಿನ ಮಾತ್ರ ಸಿಕ್ಕವರಿಗೆ ಏನು ಹೇಳುತ್ತೀರಿ ಅಂತ ಮೌಖಿಕ ಪರೀಕ್ಷೆಯಲ್ಲಿ ಕೇಳಬಹುದು. ನಾನಾದರೆ ಬ್ಲೂ ಲೈನ್‌ನಲ್ಲಿ ಜಾಕ್ಸನ್ ನಿಲ್ದಾಣಕ್ಕೆ ಕಳಿಸುತ್ತೇನೆ. ಮೊದಲು ಮೊನಾಡ್‌ನಾಕ್, ಅಲ್ಲಿಂದ ನಡೆದು ಬೀನ್, ಆಮೇಲೆ ಮಿಷಿಗನ್ ಅವೆನ್ಯೂ ಹಿಡಿದು ಉತ್ತರಕ್ಕೆ, ಸೇತುವೆಯ ಬಳಿ ದೋಣಿ. ಜನವರಿಯಲ್ಲಿ ಬಂದರೆ ದೋಣಿಯ ಆಸೆ ಬಿಡಬೇಕು. ಚಳಿಗಾಲದಲ್ಲಿ ಆ ಪ್ರವಾಸ ಹೆಚ್ಚಾಗಿ ನಿಂತಿರುತ್ತದೆ, ಸರೋವರದ ಗಾಳಿಗೆ ಬೀದಿಯಲ್ಲಿ ನಿಲ್ಲುವುದೂ ಕಷ್ಟ. ಆಗ ಬೀನ್ ನೋಡಿದ ಮೇಲೆ ಪಕ್ಕದ ಆರ್ಟ್ ಇನ್‌ಸ್ಟಿಟ್ಯೂಟ್ ಒಳಗೆ ನುಗ್ಗುವುದೇ ಸರಿ.