ಮಗುವನ್ನೇ ಕೇಳಿದ ಡಾಕ್ಟರು

ಮಗುವಿನ ಮನಸ್ಸಿಗೆ ಏನೋ ಆಗಿದೆ ಅನ್ನಿಸಿದರೆ ನಾವು ಯಾರನ್ನು ಕೇಳುತ್ತೇವೆ? ಅಪ್ಪ ಅಮ್ಮನನ್ನು, ಇಲ್ಲವೇ ಕ್ಲಾಸ್ ಟೀಚರನ್ನು. ಡಾಕ್ಟರುಗಳೂ ಬಹಳ ಕಾಲ ಹೀಗೇ ಮಾಡುತ್ತಿದ್ದರು. ಮಗು ಆಡುವ ಆಟ, ಬಿಡಿಸುವ ಚಿತ್ರ ನೋಡಿ ಏನೋ ಅರ್ಥ ಹುಡುಕುತ್ತಿದ್ದರು. ಆದರೆ ಮಗು ಬಾಯಿಬಿಟ್ಟು ಹೇಳುವ ಮಾತನ್ನು ನಂಬಬಹುದಾ ಅನ್ನುವ ಅನುಮಾನ ಹೋಗಿರಲಿಲ್ಲ.

ಈ ಅನುಮಾನವನ್ನು ಸುಮ್ನೆ ಬಿಡದೆ ಪರೀಕ್ಷೆ ಮಾಡಿ ನೋಡಿದವರು ಬ್ರಿಟನ್ನಿನ ಮೈಕೆಲ್ ರಟ್ಟರ್. 1933ರಲ್ಲಿ ಲೆಬನಾನಿನಲ್ಲಿ ಹುಟ್ಟಿದವರು. 1940ರಲ್ಲಿ, ಯುದ್ಧದ ಭಯಕ್ಕೆ, ಅವರನ್ನೂ ತಂಗಿಯನ್ನೂ ಅಪ್ಪ ಅಮ್ಮನಿಂದ ದೂರ ಅಮೆರಿಕಕ್ಕೆ ಕಳಿಸಿದ್ದರು. ಮುಂದೆ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಮಕ್ಕಳ ಮನೋವೈದ್ಯರಾದರು.

1964ರಲ್ಲಿ ರಟ್ಟರ್ ಮತ್ತು ಜೊತೆಗಾರರು ಇಂಗ್ಲೆಂಡಿನ ದಕ್ಷಿಣಕ್ಕಿರುವ ಐಲ್ ಆಫ್ ವೈಟ್ ದ್ವೀಪಕ್ಕೆ ಹೋದರು. ಆಸ್ಪತ್ರೆಗೆ ಬಂದ ಮಕ್ಕಳನ್ನು ಮಾತ್ರ ನೋಡಿದರೆ ಬಾರದೇ ಉಳಿದವರ ಲೆಕ್ಕ ಸಿಗುವುದಿಲ್ಲ, ಅಲ್ವಾ? ಅದಕ್ಕೇ ಒಂದಿಡೀ ಊರಿನ ಮಕ್ಕಳು ಬೇಕಿತ್ತು. ಎರಡು ಸಾವಿರಕ್ಕೂ ಜಾಸ್ತಿ ಮಕ್ಕಳ ಬಗ್ಗೆ ಮನೆಯವರಿಗೊಂದು, ಟೀಚರಿಗೊಂದು ಪ್ರಶ್ನೆಪಟ್ಟಿ ಹೋಯಿತು. ಎರಡೂ ತುಂಬಿಕೊಂಡು ವಾಪಸ್ ಬಂದಾಗ ವಿಚಿತ್ರವೊಂದು ಕಂಡಿತು. ಅಮ್ಮ ‘ತೊಂದರೆ ಇದೆ’ ಅಂದ ಮಗುವನ್ನು ಟೀಚರ್ ಹಾಗೆ ಕಂಡಿರಲಿಲ್ಲ. ಟೀಚರ್ ಗುರುತಿಸಿದ ಮಗುವಿನ ಬಗ್ಗೆ ಮನೆಯಲ್ಲಿ ಚಿಂತೆಯೇ ಇರಲಿಲ್ಲ. ಎರಡು ಪಟ್ಟಿಯಲ್ಲೂ ಇದ್ದ ಹೆಸರುಗಳು ಕಡಿಮೆ.

ಹಾಗಾಗಿ ಮಗುವನ್ನೇ ಕೂರಿಸಿಕೊಂಡು ಮಾತಾಡಿಸಿದರು. ಸುಮಾರು ಅರ್ಧ ಗಂಟೆ. ಮೊದಲು ಗೆಳೆಯರು, ಶಾಲೆ, ಇಷ್ಟದ ಆಟ. ಮಗು ಸ್ವಲ್ಪ ಸಲೀಸಾದ ಮೇಲೆ ನೇರವಾಗಿ ಕೇಳುವುದು: ಯಾವುದಕ್ಕಾದರೂ ಹೆದರಿಕೆ ಆಗುತ್ತಾ? ಬೇಜಾರಾಗಿ ಅಳು ಬರುತ್ತಾ? ಹೀಗೆ ಮಾತಾಡಿಸಿದರೆ ಸಿಗುವ ಉತ್ತರ ಎಷ್ಟು ಗಟ್ಟಿ ಅಂತಲೂ ಅಳೆದು ನೋಡಿ, ರಟ್ಟರ್ ಮತ್ತು ಫಿಲಿಪ್ ಗ್ರಹಾಂ 1968ರಲ್ಲಿ ಪ್ರಕಟಿಸಿದರು. ನನ್ನ ಮಟ್ಟಿಗೆ ರಟ್ಟರ್ ಮಾಡಿದ್ದರಲ್ಲೆಲ್ಲ ಇದೇ ದೊಡ್ಡದು. ಮಗುವಿನ ಮಾತನ್ನು ಸಾಕ್ಷಿ ಅಂತ ಒಪ್ಪಿಕೊಳ್ಳುವ ಹಾದಿ ಅಲ್ಲಿ ತೆರೆಯಿತು.

ಆ ದ್ವೀಪದಲ್ಲಿ 10-11 ವರ್ಷದ ಮಕ್ಕಳಲ್ಲಿ ಶೇ. 6ರಿಂದ 7ರಷ್ಟು ಮಂದಿಗೆ ಮನಸ್ಸಿನ ಕಾಯಿಲೆಯಿತ್ತು. ಅವರಲ್ಲಿ ಚಿಕಿತ್ಸೆ ಸಿಗುತ್ತಿದ್ದದ್ದು ತುಂಬಾ ಕಡಿಮೆ ಮಕ್ಕಳಿಗೆ. ಆಮೇಲೆ ಲಂಡನ್ನಿನ ಒಂದು ಇಕ್ಕಟ್ಟಿನ ಭಾಗದಲ್ಲಿ ಹೀಗೇ ಎಣಿಸಿದಾಗ ಪ್ರಮಾಣ ಸುಮಾರು ಎರಡರಷ್ಟಿತ್ತು.

ದ್ವೀಪದ ಆ ಮಕ್ಕಳು 14-15 ವರ್ಷಕ್ಕೆ ಬಂದಾಗ ತಂಡ ಮತ್ತೆ ಹೋಯಿತು. ಹದಿಹರೆಯ ಅಂದರೆ ಮನೆಯವರ ಜೊತೆ ದಿನಾ ಗುದ್ದಾಟ ಅನ್ನುವ ಮಾತಿದೆಯಲ್ಲ, ಅದು ಹೆಚ್ಚಿನವರ ವಿಷಯದಲ್ಲಿ ನಿಜವಾಗಲಿಲ್ಲ. ಆದರೆ ಒಳಗೊಳಗೇ ದುಃಖ, ತಾನು ಯಾವುದಕ್ಕೂ ಬಾರದವನು ಅನ್ನುವ ಕೊರಗು ಸಾಕಷ್ಟು ಮಕ್ಕಳಲ್ಲಿತ್ತು. ಅದು ದೊಡ್ಡವರ ಕಣ್ಣಿಗೆ ಬಿದ್ದೇ ಇರಲಿಲ್ಲ. ಮನೆಯಲ್ಲಿ ಜಗಳ ಇಲ್ಲ, ಊಟ ತಿಂಡಿ ಸರಿಯಾಗಿದೆ, ಮಾರ್ಕ್ಸ್ ಬರುತ್ತಿದೆ. ಇನ್ನೇನು ತೊಂದರೆ ಅಂತ ನಾವೂ ಅಂದುಕೊಳ್ಳುವುದು ಹೀಗೇ ತಾನೆ?

ಇದೇ ಎಣಿಕೆಯ ಕೆಲಸ ಬೆಂಗಳೂರಿನಲ್ಲೂ ನಡೆದಿದೆ. ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್ ಮತ್ತು ತಂಡದವರು ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ, ಹಳ್ಳಿ, ಈ ಮೂರೂ ಕಡೆ ಹುಟ್ಟಿದ ಕೂಸಿನಿಂದ 16 ವರ್ಷದವರೆಗಿನ 2,064 ಮಕ್ಕಳನ್ನು ನೋಡಿ 2005ರಲ್ಲಿ ವರದಿ ಪ್ರಕಟಿಸಿದರು. ಶೇ. 12.5ರಷ್ಟು ಮಕ್ಕಳಲ್ಲಿ ತೊಂದರೆಯಿತ್ತು. ಲಂಡನ್ನಿನ ಲೆಕ್ಕ ನೋಡಿದವರು ಕೊಳೆಗೇರಿಯಲ್ಲೇ ಜಾಸ್ತಿ ಇರಬೇಕು ಅಂದುಕೊಳ್ಳಬಹುದು. ಇಲ್ಲಿ ಎಲ್ಲಕ್ಕಿಂತ ಕಡಿಮೆ ಸಿಕ್ಕಿದ್ದು ಕೊಳೆಗೇರಿಯಲ್ಲಿ, ಜಾಸ್ತಿ ಸಿಕ್ಕಿದ್ದು ಮಧ್ಯಮ ವರ್ಗದಲ್ಲಿ. ವ್ಯತ್ಯಾಸ ಮಾತ್ರ ದೊಡ್ಡದಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ ಅಂಕಿ ಬೇರೆ: ತಮ್ಮ ಮಗುವಿಗೆ ಇಂಥ ತೊಂದರೆ ಇದೆ ಅಂತ ಗೊತ್ತಾಗಿದ್ದ ಮನೆಗಳು ಶೇ. 37.5 ಮಾತ್ರ. ಮಿಕ್ಕ ಮನೆಗಳಲ್ಲೂ ಮಕ್ಕಳ ಮೇಲೆ ಪ್ರೀತಿಗೇನೂ ಕಮ್ಮಿ ಇದ್ದಿರಲಿಕ್ಕಿಲ್ಲ. ಕಂಡಿರಲಿಲ್ಲ, ಅಷ್ಟೇ.

ರಟ್ಟರ್ 2021ರಲ್ಲಿ ತೀರಿಕೊಂಡರು. ಅವರ ಪ್ರಶ್ನೆಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ರಾಬರ್ಟ್ ಗುಡ್‌ಮನ್ 1997ರಲ್ಲಿ 25 ಪ್ರಶ್ನೆಗಳ ಸಣ್ಣ ಪಟ್ಟಿಯೊಂದನ್ನು ಮಾಡಿದರು. ಅದು ಈಗ ಕನ್ನಡದಲ್ಲೂ ಇದೆ. ಮನೆಯವರು ಮತ್ತು ಟೀಚರ್ ತುಂಬುವ ಹಾಳೆಯ ಜೊತೆಗೆ, 11 ವರ್ಷ ದಾಟಿದ ಮಕ್ಕಳು ತಾವೇ ತುಂಬುವ ಹಾಳೆಯೂ ಇದೆ. ಅದರಲ್ಲಿ ಒಂದು ಪ್ರಶ್ನೆ ಆಗಾಗ ಬರುವ ತಲೆನೋವು, ಹೊಟ್ಟೆನೋವಿನ ಬಗ್ಗೆ. ಸೋಮವಾರ ಬೆಳಗ್ಗೆ ಯೂನಿಫಾರಂ ಹಾಕಿಕೊಂಡು, ಬ್ಯಾಗ್ ಪಕ್ಕದಲ್ಲಿಟ್ಟುಕೊಂಡು, ಹೊಟ್ಟೆ ಹಿಡಿದು ಕೂರುವ ಮಗು ನಮ್ಮ ಎಷ್ಟು ಮನೆಗಳಲ್ಲಿದೆ. ಸ್ಕೂಲ್ ತಪ್ಪಿಸಿಕೊಳ್ಳೋ ನೆಪ ಅಂತ ಒಬ್ಬರು ಗದರುತ್ತಾರೆ. ಇನ್ನೊಬ್ಬರು ಓಮದ ಕಷಾಯ ಕುಡಿಸುತ್ತಾರೆ. ಆಟೋ ಬಂದು ಹಾರ್ನ್ ಹೊಡೆಯುತ್ತದೆ. ಪಕ್ಕದಲ್ಲಿ ಕೂತು ‘ಸ್ಕೂಲಲ್ಲಿ ಏನಾಯ್ತು ಪುಟ್ಟಾ?’ ಅಂತ ಕೇಳುವಷ್ಟರಲ್ಲಿ ಮಗು ಹತ್ತಿ ಹೋಗಿರುತ್ತದೆ.