ಯಾವ ಹೊಸಹಳ್ಳಿ? ಊರಿನ ನಕ್ಷೆ ದತ್ತಾಂಶ ನೋಡಿಕೊಳ್ಳುವವರಿಗೆ ಟಿಪ್ಪಣಿ

ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಹಾಸನದಲ್ಲಿ ಜಿಐಎಸ್, ಅಂದರೆ ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡುವ ವಿದ್ಯೆ, ಕಲಿಯುತ್ತಿದ್ದ ದಿನಗಳು. ಊರುಗಳ ಗಡಿ ಇರುವ ಒಂದು ಲೇಯರ್ (ನಕ್ಷೆಯ ಒಂದು ಪದರ), ಬೋರ್‌ವೆಲ್ ಪಟ್ಟಿಯ ಒಂದು ಎಕ್ಸೆಲ್ ಶೀಟು ಕೈಗೆ ಬಂದವು. ಎರಡನ್ನೂ ಊರಿನ ಹೆಸರು ನೋಡಿ ಜೋಡಿಸಿದೆ. ಒಂದು ಎರರ್ ಕೂಡ ಬರಲಿಲ್ಲ. ಬಣ್ಣ ತುಂಬಿ ಪ್ರಿಂಟ್ ತೆಗೆದು ಕೊಟ್ಟೆ. ನೋಡಿದವರು ಕೇಳಿದ್ದು ಒಂದೇ ಮಾತು: "ಇದು ಯಾವ ಹೊಸಹಳ್ಳಿ?" ಒಂದು ತಾಲ್ಲೂಕಿನ ಹೊಸಹಳ್ಳಿಯ ಬೋರ್‌ವೆಲ್‌ಗಳೆಲ್ಲ ಇನ್ನೊಂದು ತಾಲ್ಲೂಕಿನ ಹೊಸಹಳ್ಳಿಯಲ್ಲಿ ಕೂತಿದ್ದವು.

ಹಾಗಾಗಿ ಮೊದಲ ಪಾಠ: ಹೆಸರಿನ ಮೇಲೆ ಟೇಬಲ್ ಜೋಡಿಸಬೇಡಿ, ಕೋಡ್ ಮೇಲೆ ಜೋಡಿಸಿ. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯಿತಿ, ಗ್ರಾಮ ಎಲ್ಲಕ್ಕೂ ಒಂದೊಂದು ಕೋಡ್ ಇದೆ. 2011ರ ಜನಗಣತಿಯಲ್ಲಿ ಪ್ರತಿ ಗ್ರಾಮಕ್ಕೂ 6 ಅಂಕಿಯ ಇನ್ನೊಂದು ಕೋಡ್ ಇದೆ. ಎರಡಕ್ಕೂ ಬೇರೆ ಬೇರೆ ಕಾಲಂ ಇಡಿ. ಹೆಸರಂತೂ ಬದಲಾಗುತ್ತಲೇ ಇರುತ್ತದೆ. ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು. ಹಳೇ ಫೈಲಿನ ಚಿಕ್‌ಮಗಳೂರ್, ಹೊಸ ಫೈಲಿನ ಚಿಕ್ಕಮಗಳೂರು ನಮಗೆ ಒಂದೇ. ಕಂಪ್ಯೂಟರ್‌ಗೆ ಅವು ಎರಡು ಜಿಲ್ಲೆ.

ಇಲ್ಲೇ ಇನ್ನೊಂದು ಗುಂಡಿ ಇದೆ, ಬೇಚರಾಕ್ ಗ್ರಾಮ. ಜನವಸತಿ ಇಲ್ಲ, ಆದರೆ ಹೆಸರಿದೆ, ಗಡಿ ಇದೆ, ಸರ್ವೆ ನಂಬರ್‌ಗಳಿವೆ. ಜನಸಂಖ್ಯೆ ಸೊನ್ನೆ ಅಂತ ಕಂಡ ಕೂಡಲೇ "ತಪ್ಪು ಸಾಲು" ಎಂದು ಅಳಿಸುವವರಿದ್ದಾರೆ. ಅಳಿಸಿದರೆ ನಕ್ಷೆಯಲ್ಲಿ ತೂತು ಬೀಳುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ವಿಷಯ. ನಕ್ಷೆಯಲ್ಲಿ ಗೆರೆ ಬದಲಾದಾಗ ಹಳೇ ಗೆರೆಯನ್ನು ಏನು ಮಾಡಬೇಕು? ಚಿಕ್ಕಮಗಳೂರು ಜಿಲ್ಲೆಯನ್ನೇ ತೆಗೆದುಕೊಳ್ಳಿ. 2011ರ ಜನಗಣತಿಯಲ್ಲಿ ಅಲ್ಲಿ 7 ತಾಲ್ಲೂಕು. ಆಮೇಲೆ ತರೀಕೆರೆ ತಾಲ್ಲೂಕಿನಿಂದ ಅಜ್ಜಂಪುರ, ಮೂಡಿಗೆರೆಯಿಂದ ಕಳಸ ಬೇರೆಯಾಗಿ 9 ಆದವು. ಆದೇಶ ಬಂತು ಅಂತ ತರೀಕೆರೆಯ ಪಾಲಿಗಾನನ್ನು (ನಕ್ಷೆಯಲ್ಲಿ ಗಡಿಗೆರೆ ಸುತ್ತುವರಿದ ಆಕೃತಿಯನ್ನು) ಅಲ್ಲೇ ಕತ್ತರಿಸಿ ಸೇವ್ ಮಾಡಿದಿರಿ ಅಂದುಕೊಳ್ಳಿ. ಇಂದಿನ ನಕ್ಷೆ ಸರಿಯಾಯಿತು. ಆದರೆ ನಾಳೆ ಯಾರೋ 2011ರ ತರೀಕೆರೆ ಜನಸಂಖ್ಯೆಯನ್ನು ಈ ಚಿಕ್ಕ ತರೀಕೆರೆಗೆ ಅಂಟಿಸುತ್ತಾರೆ. ಜನಸಾಂದ್ರತೆ ಸುಮ್ನೆ ಏರಿಬಿಡುತ್ತದೆ. ಯಾರೂ ಹುಟ್ಟಿಲ್ಲ, ಯಾರೂ ವಲಸೆ ಬಂದಿಲ್ಲ, ಗೆರೆ ಸರಿದಿದೆ ಅಷ್ಟೇ.

ಇದಕ್ಕೆ ಉಪಾಯ ಸರಳ. ಪ್ರತಿ ಸಾಲಿಗೂ ಎರಡು ದಿನಾಂಕದ ಕಾಲಂ ಇಡಿ: ಯಾವತ್ತಿನಿಂದ, ಯಾವತ್ತಿನವರೆಗೆ. ಹಳೇ ತರೀಕೆರೆಯನ್ನು ಅಳಿಸದೆ "ವರೆಗೆ" ಕಾಲಂನಲ್ಲಿ ದಿನಾಂಕ ತುಂಬಿ. ಹೊಸ ತರೀಕೆರೆ, ಅಜ್ಜಂಪುರ ಎರಡೂ ಹೊಸ ಸಾಲಾಗಿ ಬರಲಿ. ಪಕ್ಕದಲ್ಲಿ ಆದೇಶದ ಸಂಖ್ಯೆಗೂ ಒಂದು ಕಾಲಂ ಇರಲಿ. ನೀವು ಫೈಲು ತಿದ್ದಿದ ದಿನವೇ ಬೇರೆ, ಗಡಿ ಜಾರಿಗೆ ಬಂದ ದಿನವೇ ಬೇರೆ. ಈ ಎರಡನ್ನು ಒಂದೇ ಕಾಲಂಗೆ ತುರುಕಬೇಡಿ.

ಜಮೀನಿನ ಮಟ್ಟದಲ್ಲೂ ಇದೇ ಲೆಕ್ಕ. ಸರ್ವೆ ನಂಬರ್ 45 ಪೋಡಿಯಾಗಿ, ಅಂದರೆ ಭಾಗವಾಗಿ, 45/1, 45/2 ಆಯಿತು ಅನ್ನಿ. ಮೂರಕ್ಕೂ ಬೇರೆ ಬೇರೆ ಐಡಿ ಬೇಕು. ಹೊಸ ಎರಡಕ್ಕೂ "ಮೂಲ ನಂಬರ್" ಕಾಲಂನಲ್ಲಿ 45ರ ಐಡಿ ಬೇಕು. ಹಳೇ ಐಡಿಯನ್ನು ಯಾವತ್ತೂ ಬೇರೆ ಜಮೀನಿಗೆ ಕೊಡಬೇಡಿ. ಸರ್ವೆಯವರ ಭಾಷೆಯಲ್ಲಿ ಜಮೀನಿನ ಅಳತೆ ಬರೆದ ಮೂಲ ದಾಖಲೆಗೂ "ಟಿಪ್ಪಣಿ" ಅಂತಲೇ ಹೆಸರು. ಆ ಟಿಪ್ಪಣಿ ಮುಂದೆ ನನ್ನ ಈ ಟಿಪ್ಪಣಿ ಏನೂ ಅಲ್ಲ. ಪೋಡಿ ಗೆರೆ ಎಳೆಯುವ ಮುಂಚೆ ಅದನ್ನು ನೋಡಲೇಬೇಕು.

ಎಕ್ಸೆಲ್ ವಿಷಯದಲ್ಲಿ ಎರಡು ಎಚ್ಚರಿಕೆ. 12/1 ಅಂತ ಟೈಪ್ ಮಾಡಿದರೆ ಅದು ಸರ್ವೆ ನಂಬರನ್ನು ದಿನಾಂಕ ಮಾಡಿಬಿಡುತ್ತದೆ. ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ. ಎರಡನೆಯದು ವಿಸ್ತೀರ್ಣ. ಪಹಣಿಯಲ್ಲಿ 2 ಎಕರೆ 20 ಗುಂಟೆ ಇದ್ದರೆ ಅದು 2.20 ಎಕರೆ ಅಲ್ಲ. ಎಕರೆಗೆ 40 ಗುಂಟೆ, ಅಂದರೆ 2.5 ಎಕರೆ. ಇಡೀ ಹೋಬಳಿಯ ಮೊತ್ತ ತಪ್ಪಿಸಲು ಇದೊಂದೇ ಸಾಕು. ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ ಇಟ್ಟರೆ ತಲೆನೋವಿಲ್ಲ.

ಪಹಣಿಯ ವಿಸ್ತೀರ್ಣಕ್ಕೂ ಪಾಲಿಗಾನ್ ಲೆಕ್ಕ ಹಾಕಿ ಕೊಡುವ ವಿಸ್ತೀರ್ಣಕ್ಕೂ ತಾಳೆ ಆಗದಿದ್ದರೆ ಗಾಬರಿ ಬೇಡ. ಹಳೇ ಗ್ರಾಮ ನಕ್ಷೆ ಮೈಲಿಗೆ 8 ಇಂಚಿನ ಅಳತೆಯದ್ದು ಅನ್ನಿ, ಅಂದರೆ 1:7920. ಕಾಗದದ ಮೇಲೆ 1 ಮಿಲಿಮೀಟರ್ ಅಂದರೆ ನೆಲದ ಮೇಲೆ 7.92 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಶಾಯಿ ಗೆರೆಯೇ ಸುಮಾರು 4 ಮೀಟರ್ ಅಗಲ. ಮೂಡಿಗೆರೆ ತೋಟದಲ್ಲಿ ಅಷ್ಟರಲ್ಲಿ ಒಂದು ಸಾಲು ರೊಬಸ್ಟಾ ಆ ಕಡೆಯವರದೋ ಈ ಕಡೆಯವರದೋ ಅಂತ ಜಗಳ ಆಗಬಹುದು. ಅದಕ್ಕೇ "ದಾಖಲೆ ವಿಸ್ತೀರ್ಣ", "ಲೆಕ್ಕದ ವಿಸ್ತೀರ್ಣ" ಎಂದು ಎರಡು ಕಾಲಂ ಇರಲಿ. ಮೊದಲನೆಯದನ್ನು ಎರಡನೆಯದರಿಂದ ತಿದ್ದುವ ಅಧಿಕಾರ ನಮಗಿಲ್ಲ. ದಿಶಾಂಕ್ ಆ್ಯಪ್ ಹಿಡಿದು ಬೇಲಿ ಹತ್ತಿರ ನಿಂತು "ನೋಡಿ, ಗೆರೆ ಇಲ್ಲಿದೆ" ಎನ್ನುವವರಿಗೂ ಇದನ್ನೇ ಹೇಳಿ. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ಅದು ಬಹಳ ಅನುಕೂಲ. ಬಾಂದು ಕಲ್ಲು ನೆಡಲು ಸರ್ವೆಯರ್ ಅಳತೆಯೇ ಬೇಕು.

ಗೆರೆ ನೂರಾರು ಮೀಟರ್ ಜರುಗಿದ್ದರೆ ಅದು ಶಾಯಿಯ ತಪ್ಪಲ್ಲ, ಡೇಟಮ್ ತಪ್ಪು, ಅಂದರೆ ಭೂಮಿಯ ಆಕಾರಕ್ಕೆ ಹಿಡಿದ ಲೆಕ್ಕವೇ ಬೇರೆ. ಸರ್ವೆ ಆಫ್ ಇಂಡಿಯಾದ ಹಳೇ ನಕ್ಷೆ ಹಾಳೆಗಳು, ಅಂದರೆ ಟೋಪೋಶೀಟುಗಳು, ಎವರೆಸ್ಟ್ ಗೋಳದ ಲೆಕ್ಕದವು, ಜಿಪಿಎಸ್ ಕೊಡುವುದು ಡಬ್ಲ್ಯುಜಿಎಸ್ 84. ಒಂದೇ ಅಕ್ಷಾಂಶ ರೇಖಾಂಶ ಎರಡರಲ್ಲೂ ಹಾಕಿದರೆ ನಮ್ಮ ಕಡೆ 100 ಮೀಟರ್‌ಗೂ ಜಾಸ್ತಿ ವ್ಯತ್ಯಾಸ ಬರುತ್ತದೆ. ಟೋಪೋಶೀಟ್ ವಿಷಯದಲ್ಲಿ ಹಾಸನದವರಿಗೆ ಅದೃಷ್ಟ ಕಡಿಮೆ. ಹಾಳೆಗಳು ಕೂಡುವ ಗೆರೆಗಳಾದ 13 ಡಿಗ್ರಿ ಅಕ್ಷಾಂಶ, 76 ಡಿಗ್ರಿ ರೇಖಾಂಶ ಎರಡೂ ಜಿಲ್ಲೆಯ ಒಳಗೇ ಹಾಯುತ್ತವೆ. ಹಾಗಾಗಿ ಬೇಲೂರು 48ಓ, ಸಕಲೇಶಪುರ 48ಪಿ, ಅರಸೀಕೆರೆ 57ಸಿ, ಹೊಳೆನರಸೀಪುರ 57ಡಿ. ಒಂದೇ ಜಿಲ್ಲೆಗೆ ನಾಲ್ಕು ಹಾಳೆ ಅಂಟಿಸಬೇಕು. ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಪದ್ಧತಿ) ವಿಷಯದಲ್ಲಿ ಮಾತ್ರ ನೆಮ್ಮದಿ, ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಪೂರ್ತಿ 43ನೇ ಉತ್ತರ ವಲಯದಲ್ಲಿವೆ. ಕ್ಯುಜಿಐಎಸ್ ನಕ್ಷೆ ತಂತ್ರಾಂಶದಲ್ಲಿ ಈ ವಲಯದ ಕೋಡ್ 32643 ಅಂತ ಹಾಕಿ.

ಎರಡು ಊರಿನ ನಡುವಿನ ಗಡಿಯನ್ನು ಇಬ್ಬರು ಬೇರೆ ಬೇರೆ ಎಳೆದರೆ ಸಣ್ಣ ಸೀಳು, ಇಲ್ಲವೇ ಒಂದರ ಮೇಲೊಂದು ಬಂದ ತುಣುಕು ಉಳಿಯುತ್ತದೆ. ಹಳ್ಳವೇ ಗಡಿಯಾದ ಕಡೆ ಇದು ಇನ್ನೂ ಜಾಸ್ತಿ. ಗಡಿಗಳು ಸರಿಯಾಗಿ ಕೂಡಿವೆಯೇ ಎಂದು ನೋಡುವ ಟೋಪಾಲಜಿ ಚೆಕ್ ಹಾಕಿದರೆ ಸಿಗುತ್ತದೆ. ಬರೆಯಲು ಹೆಚ್ಚೇನಿಲ್ಲ, ವಾರಕ್ಕೊಮ್ಮೆ ಹಾಕಿ.

ಕನ್ನಡದ್ದೇ ಆದ ಒಂದು ತೊಂದರೆ ಪಾಠದಲ್ಲಿ ಬರುವುದಿಲ್ಲ. ಹಳೇ ಫೈಲುಗಳಲ್ಲಿ ಹೆಸರುಗಳು ನುಡಿ ಫಾಂಟಿನ ಆಸ್ಕಿ ಅಕ್ಷರದಲ್ಲಿರುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಬರೀ ಗೊಜಲು. ಯುನಿಕೋಡ್‌ಗೆ ಬದಲಿಸಿ, ಆದರೆ ಶೇಪ್‌ಫೈಲ್ ಎಂಬ ಹಳೇ ಬಗೆಯ ನಕ್ಷೆ ಫೈಲಿನಲ್ಲಿ ಇಡಬೇಡಿ. ಅದರಲ್ಲಿ ಕಾಲಂ ಹೆಸರಿಗೆ ಬರೀ 10 ಬೈಟ್ ಜಾಗ. ಯುನಿಕೋಡನ್ನು ಫೈಲಿನಲ್ಲಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. "ಗ್ರಾಮ" ಎನ್ನಲು ಗ, ವಿರಾಮ, ರ, ದೀರ್ಘ, ಮ ಸೇರಿ 15 ಬೈಟ್ ಬೇಕು. ಎರಡಕ್ಷರದ ಗ್ರಾಮವೂ ಹಿಡಿಸುವುದಿಲ್ಲ! ಜಿಯೋಪ್ಯಾಕೇಜ್ ಫೈಲು ಅಥವಾ ಪೋಸ್ಟ್‌ಜಿಐಎಸ್ ಡೇಟಾಬೇಸ್ ಬಳಸಿದರೆ ಈ ಗೋಳಿಲ್ಲ.

ಕೊನೆಗೆ ಉಪಗ್ರಹ ಚಿತ್ರ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನಮ್ಮ ಹಾಸನದಲ್ಲೇ ಇದೆ, ಆದರೆ ಅಲ್ಲಿಂದ ಮುಖ್ಯವಾಗಿ ನೋಡಿಕೊಳ್ಳುವುದು ಇನ್‌ಸ್ಯಾಟ್‌ನಂಥ ಭೂಸ್ಥಿರ ಉಪಗ್ರಹಗಳನ್ನು. ನಮ್ಮ ನಕ್ಷೆಗೆ ಬೇಕಾದ ಚಿತ್ರ ಕೊಡುವ ಉಪಗ್ರಹಗಳು ಬೇರೆ. ಮಲೆನಾಡಿನಲ್ಲಿ ಮಳೆಗಾಲದ ಚಿತ್ರ ಬಹುಪಾಲು ಮೋಡವೇ. ಬೇಸಿಗೆಯ ಚಿತ್ರದಲ್ಲೂ ಸಿಲ್ವರ್ ಓಕ್ ನೆರಳಿನ ಕೆಳಗಿನ ತೋಟದ ರಸ್ತೆ ಕಾಣುವುದಿಲ್ಲ, ಅದನ್ನು ನಡೆದೇ ಗುರುತಿಸಬೇಕು. ಯಾವ ಲೇಯರ್ ಮಾಡಿದರೂ ಚಿತ್ರ ತೆಗೆದ ತಿಂಗಳು ಬರೆದಿಡಿ. ಗೊರೂರು ಜಲಾಶಯದ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೇ ಚರ್ಚ್ ಇದೆಯಲ್ಲ, ಅದರ ಸುತ್ತ ಏಪ್ರಿಲ್‌ನ ಚಿತ್ರದಲ್ಲಿ ಒಣ ನೆಲ ಇರುತ್ತದೆ. ಜಲಾಶಯ ತುಂಬಿದ ವರ್ಷ ಸೆಪ್ಟೆಂಬರ್‌ನಲ್ಲಿ ಅದೇ ಜಾಗ ನೀರು. ತಿಂಗಳು ಬರೆಯದೆ ಕೆರೆ-ಜಲಾಶಯಗಳ ಲೇಯರ್ ಕೊಟ್ಟರೆ, ಮುಂದಿನ ವರ್ಷ ಅದನ್ನು ತಿದ್ದಲು ಕೂತವರು ಜಲಾಶಯ ಒತ್ತುವರಿಯಾಗಿದೆ ಅಂತ ವರದಿ ಬರೆದರೂ ಬರೆದಾರು.